ಎರಡು ಭಾಷೆಯ ಕಾಗದ

ನಾನು ಓದಿ ಹೇಳುವವನು, ಅಷ್ಟೆ.
ಹವಾನಾದಾಚೆಯ ಬಯಲಲ್ಲಿ
ಏಳು ಡೇರೆ, ಒಂದು ಬಾವುಟ, ಒಂದು ಮೇಜು.
ಮೇಜಿನ ಮೇಲೆ ಹಾಳೆ:
ಒಂದು ಮಗ್ಗುಲಿಗೆ ಅವರ ಇಂಗ್ಲಿಷು, ಇನ್ನೊಂದಕ್ಕೆ ನಮ್ಮ ಸ್ಪ್ಯಾನಿಷು,
ನಡುವೆ ಗೆರೆ, ಬೈತಲೆಯಷ್ಟು ನೇರ.

ಗಲೀಸಿಯಾದಿಂದ ಹಡಗಿಳಿದ ಹುಡುಗರು
(ಕಾಲಿಗಿನ್ನೂ ನೆಲ ಒಗ್ಗಿರಲಿಲ್ಲ)
ಸಾಲಾಗಿ ನಿಂತರು.
ಇಪ್ಪತ್ತೈದು ದಾಟಿರಬೇಕು ಎಂದಿತ್ತು ಕಾಗದ.
ದಾಟಿದೆ ಎಂದರು ಎಲ್ಲರೂ,
ಮೀಸೆ ಚಿಗುರದವನೂ.

ನೂರು ಡಾಲರ್, ಚಿನ್ನದಲ್ಲಿ.
ಜ್ವರ ಬಂದರೆ ಇನ್ನೊಂದು ನೂರು.
ಸತ್ತರೆ ಅದು ಮನೆಯವರಿಗೆ.
ಶಿಬಿರ ಬಿಟ್ಟು ಹೋದರೆ ಏನೂ ಇಲ್ಲ.
ಹೇಗೂ ಈ ದ್ವೀಪಕ್ಕೆ ಬಂದಮೇಲೆ ಹಳದಿ ಜ್ವರ ತಪ್ಪಿದ್ದಲ್ಲ,
ಬರುವುದಾದರೆ ಇಲ್ಲೇ ಬರಲಿ, ಒಳ್ಳೆಯ ಡಾಕ್ಟರ ಕೈಯಲ್ಲಿ.
ಹೀಗೊಂದು ವಾದವೂ ಇತ್ತು ಅದರಲ್ಲಿ,
ಸೈ ಮಾಡುವವನೇ ರಾತ್ರಿಯೆಲ್ಲ ಕೂತು ಯೋಚಿಸಿದ ಹಾಗೆ.
ಓದುತ್ತ ಓದುತ್ತ ನನಗೇ ನಿಜವೆನಿಸಿತು.

ಸುಳ್ಳಾಡಬಾರದು: ಕೆಟ್ಟವರಲ್ಲ ಅವರು.
ಅವರಲ್ಲೇ ಒಬ್ಬ ಆಗಷ್ಟೇ ಅದೇ ಜ್ವರಕ್ಕೆ ಹೋಗಿದ್ದ,
ಮೇಜಿನಾಚೆ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು.
ಅದಕ್ಕೂ ಮುಂಚೆ ಯಾರು ಕೇಳಿದ್ದರು, ಯಾರನ್ನು?
ಅನಾಥಾಲಯದ ಕೂಸಿಗೆ, ಬೀದಿಯ ಹೆಂಗಸಿಗೆ,
ಧರ್ಮದ ಹಾಸಿಗೆಯಲ್ಲಿ ಮಲಗಿದವನಿಗೆ
ಮೊದಲು ಸೂಜಿ. ಆಮೇಲೆ ಮಾತು,
ಮಾತು ಇದ್ದರೆ.
ಇಲ್ಲಿ ಕುರ್ಚಿ ಕೊಟ್ಟು ಕೂರಿಸಿದರು.

ಅಮಾರೊ ಲೌಸಾದ ಮಾತ್ರ ಕೂರಲಿಲ್ಲ.
ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದ:
“ಬೇಡ ಅನ್ನುವುದಾದರೆ
ಎಲ್ಲಿ ಗುರುತು ಹಾಕಬೇಕು, ಯಜಮಾನರೆ?”

ಹಾಳೆ ಮಗುಚಿ ನೋಡಿದೆ.
ಬೆನ್ನು ಖಾಲಿ.
ಬೇಡ ಅನ್ನುವವನಿಗೆ ಕಾಗದವೇ ಬೇಕಿಲ್ಲ ಮಾರಾಯ,
ಎದ್ದು ನಡೆದರೆ ಆಯಿತು, ಎನ್ನಬೇಕಿತ್ತು.
ಡೇರೆಯ ಬಾಗಿಲು ತೆರೆದೇ ಇತ್ತು, ಆಚೆ ಬಿಸಿಲು.
ಅನ್ನಲಿಲ್ಲ.
ಹಿಂದೆ ಸಾಲು ಉದ್ದವಿತ್ತು,
ನನಗೂ ತಲೆಗಿಷ್ಟು ಎಂದು ಕೂಲಿ.
“ಇಲ್ಲಿ” ಎಂದೆ, ಕೆಳಗಿನ ಗೆರೆಯ ಮೇಲೆ ಬೆರಳಿಟ್ಟು.

ಶಿಲುಬೆ ಗೀಚಿದ.
ಯಾವುದಕ್ಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಗಾಜಿನ ಕೊಳವೆ, ಅದರ ಬಾಯಿಗೆ ಜಾಳಿಗೆ ಬಟ್ಟೆ,
ಒಳಗೆ ಎಳ್ಳುಕಾಳಿನಷ್ಟು ಜೀವ.
ತೋಳಿಗೊತ್ತಿ ಹಿಡಿದರು.
ನಾಲ್ಕನೆಯ ದಿನ ಬೆನ್ನು ಬಿಲ್ಲಾಯಿತು, ಕಣ್ಣಿನ ಬಿಳಿ ಅರಿಸಿನ,
ನೀರು ನೀರು ಎಂದು ತನ್ನ ಊರಿನ ನುಡಿಯಲ್ಲಿ.
ಅದನ್ನು ಯಾರಿಗೂ ಓದಿ ಹೇಳಬೇಕಾಗಲಿಲ್ಲ.

ಸಾಯಲಿಲ್ಲ. ಆ ಡೇರೆಗಳಲ್ಲಿ ಯಾರೂ ಸಾಯಲಿಲ್ಲ.
ಊರಿಗೆ ಕಾಗದ ಬರೆಸಲು ಬಂದ,
ಒಂದು ನಾಣ್ಯವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ.
“ಬರಿ, ಅವ್ವಾ, ಇಲ್ಲಿ ಸೊಳ್ಳೆಗೆ ಊಟ ಹಾಕಿದರೂ ಸಂಬಳ.”
ಬರೆದೆ.
ಆ ಪ್ರಶ್ನೆ ಅವನೂ ಎತ್ತಲಿಲ್ಲ, ನಾನೂ.

ಆಮೇಲೆ ನಲವತ್ತಾರು ವರ್ಷ
ಚುಟ್ಟಾ ಕಾರ್ಖಾನೆಯಲ್ಲಿ ಓದುವ ಕೆಲಸ:
ಎತ್ತರದ ಪೀಠ, ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ,
ಕೆಳಗೆ ಮುನ್ನೂರು ಜನ ಎಲೆ ಸುತ್ತುತ್ತ.
ಮೊನ್ನೆ ಜರ್ಮನಿಯ ಸುದ್ದಿ.
ಕಟಕಟೆಯಲ್ಲಿ ಡಾಕ್ಟರುಗಳು. ಹಿಮದ ನೀರಿನ ತೊಟ್ಟಿಗಳು.
ತೀರ್ಪಿನ ಕೊನೆಗೆ ಹತ್ತು ಮಾತು.
ಮೊದಲನೆಯದು: ಒಪ್ಪಿಗೆ.
ಕತ್ತಿ ಕುಟ್ಟಿದರು ಮೇಜಿಗೆ,
ಮೆಚ್ಚಿದಾಗ ಅವರ ಚಪ್ಪಾಳೆ ಅದು.
ಒಂಬತ್ತನೆಯದಕ್ಕೆ ನಾಲಿಗೆ ತೊಡರಿತು:
ಪ್ರಯೋಗಕ್ಕೆ ಒಳಗಾದವನು
ನಡುವೆಯೇ ಸಾಕು ಎಂದು ಎದ್ದು ಬರಬಹುದು.

ಹಿಂದಿನ ಸಾಲಿನಿಂದ ಎರ್ಮೆಲಿಂದಾ, ಎಲೆಯ ನರ ಸೀಳುತ್ತ,
“ಕೇಳಿಸಲಿಲ್ಲ, ಇನ್ನೊಮ್ಮೆ ಓದು, ಅಜ್ಜಾ.”
ಓದಿದೆ.
“ಇನ್ನೊಮ್ಮೆ.”
ಓದಿದೆ.

ಆಮೇಲೆ ಹಾಳೆ ಮಗುಚಿ ನೋಡಿದೆ, ಅದೇ ಚಾಳಿ.
ಬೆನ್ನಲ್ಲಿ ಸೋಪಿನ ಜಾಹೀರಾತು,
ಲಾಟರಿಯಲ್ಲಿ ಗೆದ್ದ ಅಂಕಿ.